ಯಮುನೆಯ ತಪ್ಪು, ಅಗ್ರಹಾರದ ತೀರ್ಪು

ಅಪರಾಧವು ಕೈಯಿಂದ ನಡೆಯುವ ಮುನ್ನ ಮನಸ್ಸಿನಲ್ಲಿ ನಡೆದಿರುತ್ತದೆ. ಅದಕ್ಕೂ ಮುನ್ನ ಸಮಾಜವು ನೆಲವನ್ನು ಹದಗೊಳಿಸಿರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮಲೆನಾಡು ಕನ್ನಡಕ್ಕಿತ್ತ ಕಥೆಗಳಲ್ಲಿ ಈ ಸತ್ಯವನ್ನು ಮನಮುಟ್ಟುವಂತೆ ಕಾಣಿಸಿದ್ದು ‘ಘಟಶ್ರಾದ್ಧ’. 1932ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಜನಿಸಿದ ಯು.ಆರ್. ಅನಂತಮೂರ್ತಿಯವರ ಈ ಕಥೆಯು 1963ರ ‘ಪ್ರಶ್ನೆ’ ಸಂಕಲನದಲ್ಲಿದೆ. ಅದೇ ತಾಲ್ಲೂಕಿನವರಾದ ಗಿರೀಶ್ ಕಾಸರವಳ್ಳಿಯವರು 1977ರಲ್ಲಿ ಇದನ್ನು ಚಲನಚಿತ್ರವಾಗಿಸಿ ಸ್ವರ್ಣಕಮಲ ಪಡೆದರು.

ವೇದಪಾಠಶಾಲೆ ನಡೆಸುವ ಉಡುಪರ ಮಗಳು ಯಮುನೆ, ಎಳೆಯ ವಿಧವೆ. ಶಾಲಾ ಮಾಸ್ತರನೊಬ್ಬನಿಂದ ಗರ್ಭಿಣಿಯಾಗುತ್ತಾಳೆ. ಒಳಗೆ ಒಲವು, ಭಯ, ತಂದೆಯ ಮಾನದ ಚಿಂತೆ. ಹೊರಗೆ ಶಾಸ್ತ್ರದ ಕಟ್ಟಳೆ, ಅಗ್ರಹಾರದ ನೂರು ಕಣ್ಣು. ಹಾವಿನ ಹುತ್ತಕ್ಕೆ ಕೈಯಿಟ್ಟು ಸಾಯಲೆಳಸುತ್ತಾಳೆ. ಕಡೆಗೆ ಗುಟ್ಟಾಗಿ ಗರ್ಭಪಾತಕ್ಕೆ ಒಳಗಾಗುತ್ತಾಳೆ. ಕಥೆ ಪ್ರಕಟವಾದ ಕಾಲಕ್ಕೆ ಭಾರತೀಯ ದಂಡಸಂಹಿತೆಯ 312ನೆಯ ಕಲಮಿನ ಪ್ರಕಾರ ತಾಯಿಯ ಪ್ರಾಣರಕ್ಷಣೆಗಲ್ಲದ ಗರ್ಭಪಾತ ಅಪರಾಧವಾಗಿತ್ತು. ಸ್ವತಃ ಗರ್ಭಿಣಿಯೂ ಶಿಕ್ಷಾರ್ಹಳಾಗಿದ್ದಳು. ಕಾನೂನು ಸಡಿಲಗೊಂಡುದು 1971ರಲ್ಲಿ.

ಹಾಗಾದರೆ ಆಕೆ ನಿರ್ದೋಷಿಯೇ ಎಂದು ಕೆಲವರು ಕೇಳಬಹುದು. ಸಂಕಟವನ್ನು ಅರಿಯುವುದೆಂದರೆ ಕೃತ್ಯವನ್ನು ಸಮರ್ಥಿಸುವುದೆಂದು ಅರ್ಥವಲ್ಲ. ಆದರೆ ಲೆಕ್ಕವು ಪೂರ್ತಿಯಾಗಬೇಕು. ಈ ಕೃತ್ಯದಲ್ಲಿ ಪಾಲುದಾರನಾದ ಮಾಸ್ತರನು ಜಾರಿಕೊಳ್ಳುತ್ತಾನೆ, ಅವನಿಗೆ ಬಹಿಷ್ಕಾರವಿಲ್ಲ. ತೀರ್ಪಿತ್ತ ಹಿರಿಯರಿಗೆ ಒಂದು ಕ್ಷಣದ ಅಳುಕೂ ಇಲ್ಲ. ತಂದೆಯೇ ಮಡಕೆಯೊಡೆದು ಬದುಕಿರುವ ಮಗಳಿಗೆ ಶ್ರಾದ್ಧ ಮಾಡುತ್ತಾನೆ. ಆಕೆಯ ತಲೆ ಬೋಳಿಸಲಾಗುತ್ತದೆ. ಚಿತ್ರದ ಕೊನೆಯಲ್ಲಿ ಆ ವೃದ್ಧ ತಂದೆಯೇ ಎಳೆಯ ಹುಡುಗಿಯನ್ನು ವರಿಸಲಿರುವ ಸುದ್ದಿ ಬರುತ್ತದೆ. ಮಗಳ ಒಲವು ಪಾತಕವಾದಲ್ಲಿ ತಂದೆಯ ಮದುವೆ ಧರ್ಮಸಮ್ಮತ!

ಅಂತರಂಗದಲ್ಲಿ ಹೋರಾಡಿದವಳು ಅಪರಾಧಿಯೆನಿಸಿದಳು. ಹೋರಾಟವೇ ಇಲ್ಲದವರು ನ್ಯಾಯಾಧೀಶರಾದರು. ಈ ಕಥೆಯ ನಿಜವಾದ ಅಪರಾಧ ಇಲ್ಲಿದೆ.

ಜಾತಿ, ಜನನ, ಮರಣ, ರಜಸ್ಸು, ಉಚ್ಛಿಷ್ಟವೆಂಬ ಪಂಚಸೂತಕಗಳನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ನಿರಾಕರಿಸಿದರು. ಜೀವಂತ ಹೆಣ್ಣಿಗೆ ಮರಣಸೂತಕವನ್ನು ಹೊರಿಸುವ ಈ ಆಚರಣೆಯನ್ನು ಓದುವಾಗ ಆ ನಿರಾಕರಣೆಯ ಬೆಲೆ ತಿಳಿಯುತ್ತದೆ. ಆದರೆ ಮಡಕೆ ಒಡೆಯದೆಯೂ ಮಗಳನ್ನು ಮನೆಯಿಂದ, ಮಾತಿನಿಂದ ಹೊರಗಿಡುವವರು ಇಂದಿಗೂ ಎಲ್ಲ ಸಮುದಾಯಗಳಲ್ಲಿ ಇದ್ದಾರೆ. ಸದ್ಭಕ್ತರು ಅನ್ಯರ ಅಗ್ರಹಾರವನ್ನು ಹಳಿದು ಸುಮ್ಮನಾಗದೆ, ತಮ್ಮ ಮನೆಯಂಗಳವನ್ನೂ ನೋಡಿಕೊಳ್ಳಬೇಕು.

ಯಮುನೆಯ ನೋವನ್ನು ಕಂಡವನು ಆ ಪಾಠಶಾಲೆಯ ಪುಟ್ಟ ವಿದ್ಯಾರ್ಥಿ ನಾಣಿ. ಶಾಸ್ತ್ರವನ್ನು ಓದಿ ಮುಗಿಸಿದ್ದ ಹಿರಿಯರಿಗೆ ಅದು ಕಾಣಲಿಲ್ಲ.