ಕಷ್ಟಕಾಲವೂ ಸಂಗೀತವೂ

ಪರೀಕ್ಷೆಗಳು ಸಮೀಪಿಸಿದೊಡನೆ, ಇಲ್ಲವೆ ಮಳೆ ತಪ್ಪಿ ತೊಗರಿಯ ಬೆಳೆ ಕೆಟ್ಟ ವರ್ಷದಲ್ಲಿ, ಶಾಲೆಗಳು ಮೊದಲು ಕೈಬಿಡುವುದು ಸಂಗೀತದ ತಾಸನ್ನು. ಇಂಥ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಹಾಡೇಕೆಂದು ಹಿರಿಯರು ಕೇಳುವುದುಂಟು. ಈ ಮಾತನ್ನು ನಾವು ಒಪ್ಪಲಾರೆವು.

ನಮ್ಮ ನಾಡಿಗೂ ಸಂಬಂಧಪಟ್ಟ ಒಂದು ನಿದರ್ಶನವನ್ನು ವಾಚಕರ ಮುಂದಿಡುವೆವು. ರಷ್ಯಾ ದೇಶದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಕಾರನು 1921ರಲ್ಲಿ ಸ್ವದೇಶವನ್ನು ಬಿಟ್ಟು, 1935ರಿಂದ ಲಂಡನ್ನಿನಲ್ಲಿ ನೆಲೆಸಿದ್ದನು. ಎರಡನೆಯ ಮಹಾಯುದ್ಧವು ಆರಂಭವಾಗಲು ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವು ನಿಂತಿತು. ನಗರದ ಮೇಲೆ ಬಾಂಬುಗಳು ಬಿದ್ದವು. 1942ರಲ್ಲಿ ಹೃದ್ರೋಗವೂ ಅಡಸಿತು. ಎಡ್ನಾ ಐಲ್ಸ್ ಎಂಬ ಪಿಯಾನೋ ವಿದುಷಿಯೂ ಆಕೆಯ ಮನೆಯವರೂ ಆ ದಂಪತಿಗಳಿಗೆ ವಾರಿಕ್‌ಷೈರಿನಲ್ಲಿ ಆಶ್ರಯವಿತ್ತರು. ಅಂಥ ದುರ್ದಿನಗಳಲ್ಲಿ ದುಡಿದು ಅವನು ತನ್ನ ಮೂರನೆಯ ಕನ್ಸರ್ಟೋವನ್ನು, ಎಂದರೆ ಪಿಯಾನೋವೂ ದೊಡ್ಡ ವಾದ್ಯವೃಂದವೂ ಕೂಡಿ ನುಡಿಯುವ ಕೃತಿಯನ್ನು, 1943ರಲ್ಲಿ ಪೂರೈಸಿ, 1944ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ತಾನೇ ನುಡಿಸಿದನು.

ಆ ಕೃತಿಯು ಅರ್ಪಿತವಾಗಿರುವುದು ಮೈಸೂರಿನ ಮಹಾರಾಜ ಶ್ರೀ ಜಯಚಾಮರಾಜ ಒಡೆಯರಿಗೆ. ಸ್ವತಃ ಪಿಯಾನೋ ಬಲ್ಲವರಾಗಿದ್ದ ಮಹಾರಾಜರು ಧನಸಹಾಯವಿತ್ತು, 1947ರಿಂದ ಅವನ ಮೂರು ಕನ್ಸರ್ಟೋಗಳೂ ಇತರ ಅನೇಕ ಕೃತಿಗಳೂ ಗ್ರಾಮಫೋನ್ ತಟ್ಟೆಗಳಲ್ಲಿ ಉಳಿಯುವಂತೆ ಮಾಡಿದರು. ಮೆಟ್ನರನು 1951ರಲ್ಲಿ ತೀರಿಕೊಂಡನು; ಅವನ ವಾದನವು ಇಂದಿಗೂ ಕೇಳಬರುತ್ತದೆ.

ಕಷ್ಟವೇ ಸಂಗೀತವನ್ನು ಹುಟ್ಟಿಸುತ್ತದೆಂದು ನಾವು ಹೇಳುವುದಿಲ್ಲ; ಕಷ್ಟವು ಅದನ್ನು ಕೊಲ್ಲಲೂ ಬಲ್ಲದು. ಒಬ್ಬ ಸ್ತ್ರೀಯ ಮನೆಬಾಗಿಲು ತೆರೆಯಿತು, ದೂರದ ಒಬ್ಬ ಅರಸರ ಕೈ ನೀಡಿತು; ಆದುದರಿಂದ ಆ ನಾದವು ಉಳಿಯಿತು. ತಲಾಂತನ್ನು ಪಡೆದವಳು ಅದನ್ನು ಮಣ್ಣಿನಲ್ಲಿ ಹೂತಿಡಬಾರದೆಂಬುದು ಎಷ್ಟು ಸತ್ಯವೋ, ಸುತ್ತಲಿನವರು ಅದನ್ನು ಹೂಳಿಸಬಾರದೆಂಬುದೂ ಅಷ್ಟೇ ಸತ್ಯ.

ನಮ್ಮದು ಹಾಡಿಲ್ಲದ ಸೀಮೆಯಲ್ಲ. ಹುಮನಾಬಾದಿನ ಮಾಣಿಕನಗರದಲ್ಲಿ ಸಂಗೀತಸೇವೆ ನಡೆದುಬಂದಿದೆ. ಬಸವಕಲ್ಯಾಣದ ಶರಣರ ವಚನಗಳನ್ನು ಇಂದಿಗೂ ಹಾಡುತ್ತಾರೆ. ದೇವಾಲಯಗಳಲ್ಲಿ ಕ್ರಿಸ್ತೀಯ ಕೀರ್ತನೆಗಳಿವೆ. ಕೊಹಿನೂರದಂಥ ಹಳ್ಳಿಯಿಂದ ಬರುವ ಹುಡುಗಿಗೆ ಕೊರತೆಯಾಗಿರುವುದು ಕಂಠವಲ್ಲ, ಅವಕಾಶ. ಆದಕಾರಣ ಪರೀಕ್ಷೆಯ ತಿಂಗಳಲ್ಲಿಯೂ ವಾರಕ್ಕೊಂದು ತಾಸನ್ನು ಹಾಡಿಗೆ ಮೀಸಲಿಡಬೇಕೆಂದೂ, ಹಳೆಯ ವಿದ್ಯಾರ್ಥಿನಿಯರು ಒಂದೊಂದು ಹಾರ್ಮೋನಿಯಮ್ಮನ್ನಾದರೂ ಒದಗಿಸಿಕೊಡಬೇಕೆಂದೂ ಬಿನ್ನವಿಸುವೆವು. ಒಳ್ಳೆಯ ಕಾಲವು ಬರಲೆಂದು ಕಾದಿರುವ ಕಂಠವು ಕಾಯುತ್ತಲೇ ಮುದಿಯಾದೀತು. ದೇವರು ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ಹೊಸ ಹಾಡನ್ನು ಇಡಲಿ.