ಕಾಣದ ಕಿರಣ, ಕಾಣುವ ಗೆರೆ

ಕಣ್ಣಿಗೆ ಕಾಣದುದನ್ನು ಯಾವ ಆಧಾರದಿಂದ ಒಪ್ಪಬೇಕೆಂಬುದು ನಮ್ಮ ತಾರ್ಕಿಕರಿಗೆ ಶಾಸ್ತ್ರದ ಪ್ರಶ್ನೆಯಾಗಿತ್ತು; ನಮ್ಮ ಕಾಲಕ್ಕೆ ಅದು ಅಂಗಡಿಯ ಪ್ರಶ್ನೆಯಾಗಿದೆ. ಮೊಬೈಲು ಫೋನಿನ ಬೆನ್ನಿಗೆ ಅಂಟಿಸುವ ಚೀಟಿ, ಕೊರಳಲ್ಲಿ ಧರಿಸುವ ಪದಕ, ಕೈಗೆ ತೊಡುವ ಬಳೆ, ಇವೆಲ್ಲ 'ವಿಕಿರಣದಿಂದ ರಕ್ಷಣೆ' ಎಂಬ ಹೆಸರಿನಲ್ಲಿ ಬಿಕರಿಯಾಗುತ್ತಿವೆ. ಕೊಳ್ಳುವವನಿಗೆ ವಿಕಿರಣ ಕಾಣುವುದಿಲ್ಲ. ಅದು ತಡೆಯಲ್ಪಟ್ಟುದೂ ಕಾಣುವುದಿಲ್ಲ. ಕಾಣದ ಶತ್ರುವಿನ ಮೇಲೆ ಕಾಣದ ಜಯವನ್ನು ಮಾರುವ ವರ್ತಕನಿಗೆ ನಷ್ಟದ ಭಯವೆಲ್ಲಿ?

ಈ ಭಯದ ವ್ಯಾಪಾರಕ್ಕೆ ಉತ್ತರ ಭಾಷಣದಲ್ಲಿಲ್ಲ, ಪರೀಕ್ಷೆಯಲ್ಲಿದೆ. ಕಾಡುಗೋಡಿಯಂಥ ಊರಿನ ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಮಕ್ಕಳೇ ತಮ್ಮ ಕೈಯಿಂದ ಒಂದು ಮೇಘಪೆಟ್ಟಿಗೆಯನ್ನು ಕಟ್ಟಬೇಕೆಂಬುದು ನನ್ನ ವಾದ.

ಸ್ಕಾಟ್ಲೆಂಡಿನ ಸಿ.ಟಿ.ಆರ್. ವಿಲ್ಸನ್ ಬೆಟ್ಟದ ಮೇಲಣ ಮೋಡಗಳ ಚೆಲುವಿಗೆ ಮನಸೋತು, ಅವನ್ನು ಪ್ರಯೋಗಶಾಲೆಯಲ್ಲಿ ಸೃಷ್ಟಿಸಹೊರಟವನು. 1911ರಲ್ಲಿ ಅವನ ಪೆಟ್ಟಿಗೆಯೊಳಗಿನ ಮಂಜಿನಲ್ಲಿ ಪರಮಾಣುವಿಗಿಂತ ಕಿರಿದಾದ ಕಣಗಳ ಹಾದಿ ಗೆರೆಗಳಾಗಿ ಮೂಡಿತು; 1927ರಲ್ಲಿ ನೊಬೆಲ್ ಪಾರಿತೋಷಕವೂ ಬಂದಿತು. ಮನೆಯಲ್ಲಿ ಮಾಡುವ ಪೆಟ್ಟಿಗೆ ಇನ್ನೂ ಸರಳ. ಒಂದು ಗಾಜಿನ ತೊಟ್ಟಿ. ಅದರ ಮೇಲ್ಭಾಗದಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಯ್ಸಿದ ದಪ್ಪ ಬಟ್ಟೆ. ತಳದಲ್ಲಿ ಕಪ್ಪು ಲೋಹದ ತಟ್ಟೆ. ಅದರಡಿಯಲ್ಲಿ ಡ್ರೈ ಐಸ್. ಪಕ್ಕದಿಂದ ಟಾರ್ಚಿನ ಬೆಳಕು. ಮೇಲಿನಿಂದ ಇಳಿದ ಆವಿ ತಟ್ಟೆಯ ಸಮೀಪದಲ್ಲಿ ತಣಿದು, ಹನಿಗಟ್ಟಲು ಒಂದು ನೆಪವನ್ನೇ ಕಾಯುತ್ತಿರುತ್ತದೆ. ವಿದ್ಯುದಾವೇಶವುಳ್ಳ ಕಣವೊಂದು ಹಾಯ್ದರೆ ಅದರ ಹಾದಿಯುದ್ದಕ್ಕೂ ಅಯಾನುಗಳು ಹುಟ್ಟುತ್ತವೆ. ಅವೇ ಆ ನೆಪ. ಬಿಳಿಯ ನೂಲಿನಂತಹ ಗೆರೆಯೊಂದು ಮೂಡಿ ಕ್ಷಣದಲ್ಲಿ ಕರಗುತ್ತದೆ. ಬೆಟ್ಟದ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ನಮ್ಮ ತರ್ಕಶಾಸ್ತ್ರದ ಹಳೆಯ ದೃಷ್ಟಾಂತ ಇಲ್ಲಿ ಗಾಜಿನೊಳಗೆ ನಡೆಯುತ್ತದೆ.

ಇನ್ನು ಕವಚಗಳ ಪರೀಕ್ಷೆ. ವೈಟ್‌ಫೀಲ್ಡ್, ಪೀಣ್ಯಗಳ ವೆಲ್ಡಿಂಗ್ ಷೆಡ್ಡುಗಳಲ್ಲಿ ಬಳಸುವ ಟಂಗ್‌ಸ್ಟನ್ ಕಡ್ಡಿಗಳಲ್ಲಿ ತುದಿಗೆ ಕೆಂಪು ಬಣ್ಣ ಬಳಿದ ಬಗೆಯೊಂದುಂಟು. ಅದರಲ್ಲಿ ನೂರಕ್ಕೆ ಸುಮಾರು 2 ಪಾಲು ಥೋರಿಯಂ ಆಕ್ಸೈಡ್ ಇರುತ್ತದೆ. ಆ ಕಡ್ಡಿಯನ್ನು ಪೆಟ್ಟಿಗೆಯೊಳಗಿಟ್ಟರೆ ಅದರಿಂದ ದಪ್ಪನಾದ ಗಿಡ್ಡ ಗೆರೆಗಳು ಚಿಮ್ಮುತ್ತವೆ. ಅವು ಆಲ್ಫಾ ಕಣಗಳವು. ಕಡ್ಡಿಗೆ ಒಂದು ಕಾಗದವನ್ನು ಸುತ್ತಿದರೆ ಸಾಕು, ಆ ಗೆರೆಗಳು ಮಾಯ. ಕಾಗದವನ್ನು ದಾಟಿಬರುವ ಬೀಟಾ ಕಣಗಳ ತೆಳುಗೆರೆಗಳನ್ನು ಕೆಲವು ಮಿಲಿಮೀಟರು ಅಲ್ಯೂಮಿನಿಯಂ ತಡೆಯುತ್ತದೆ. ಆದರೆ ಪೆಟ್ಟಿಗೆಯ ಮೇಲೆ ಸೀಸದ ಹಾಳೆಯನ್ನೇ ಹೊದಿಸಿದರೂ ನೀಳವಾದ ನೇರ ಗೆರೆಗಳು ನಿಲ್ಲುವುದಿಲ್ಲ. ಅವು ವಿಶ್ವಕಿರಣಗಳಿಂದ ವಾಯುಮಂಡಲದಲ್ಲಿ ಹುಟ್ಟಿದ ಮ್ಯುಆನುಗಳ ಹಾದಿ. ನೆಲದ ಪ್ರತಿ ಚದರ ಸೆಂಟಿಮೀಟರಿನ ಮೇಲೆ ನಿಮಿಷಕ್ಕೆ ಸುಮಾರು 1ರಂತೆ ಅವು ಸುರಿಯುತ್ತಲೇ ಇರುತ್ತವೆ. ಒಂದಕ್ಕೆ ಕಾಗದವೇ ಕೋಟೆ. ಇನ್ನೊಂದಕ್ಕೆ ಸೀಸವೂ ತೆರೆದ ಬಾಗಿಲು. 'ಇದು ಕವಚ' ಎಂದವನನ್ನು 'ಯಾವುದಕ್ಕೆ?' ಎಂದು ಕೇಳುವ ಧೈರ್ಯ ಹುಡುಗನಿಗೆ ಬರುವುದು ಇದನ್ನು ಕಂಡಮೇಲೆಯೇ.

ಪೆಟ್ಟಿಗೆಗೂ ಮಿತಿಯುಂಟು, ಆ ಮಿತಿಯನ್ನು ಅರಿಯುವುದೂ ವಿದ್ಯೆಯೇ. ಗ್ಯಾಮಾ ಕಿರಣ ತಾನಾಗಿ ಗೆರೆಯೆಳೆಯುವುದಿಲ್ಲ. ಅದು ಹೊರದೂಡಿದ ಇಲೆಕ್ಟ್ರಾನುಗಳ ಗೆರೆಯಷ್ಟೆ ಕಾಣುವುದು. ಆದುದರಿಂದ ಗೆರೆಯಿಲ್ಲವೆಂದ ಮಾತ್ರಕ್ಕೆ ಕಿರಣವಿಲ್ಲವೆನ್ನಲಾಗದು. ಕವಚವಿಲ್ಲದೆ ಹತ್ತು ನಿಮಿಷ, ಕವಚವಿಟ್ಟು ಹತ್ತು ನಿಮಿಷ, ಹೀಗೆ ಹಲವು ಬಾರಿ ಎಣಿಸಿದ ಮೇಲೆಯೇ ಮಾತನಾಡಬೇಕು. ಮೊಬೈಲಿನ ರೇಡಿಯೋ ಅಲೆಗಳಂತೂ ಅಯಾನುಗಳನ್ನು ಹುಟ್ಟಿಸುವಷ್ಟು ಶಕ್ತಿಯುಳ್ಳವಲ್ಲ. ಚೀಟಿಯಿದ್ದರೂ ಇಲ್ಲದಿದ್ದರೂ ಪೆಟ್ಟಿಗೆಯಲ್ಲಿ ಅವು ಗೆರೆ ಮೂಡಿಸವು. ಆ ಚೀಟಿಯ ಪರೀಕ್ಷೆಗೆ ಪೆಟ್ಟಿಗೆಯೂ ಬೇಡ, ಸಾಮಾನ್ಯ ಬುದ್ಧಿ ಸಾಕು: ಅದು ಅಲೆಗಳನ್ನು ನಿಜವಾಗಿ ತಡೆಯುವುದಾದರೆ ಫೋನು ಮೊಳಗಕೂಡದಷ್ಟೆ!

ಇದೆಲ್ಲ ಬರಿಯ ನಗೆಯ ಮಾತಲ್ಲ. 2021ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸಿನ ಅಣುಸುರಕ್ಷಾ ಪ್ರಾಧಿಕಾರ 10 ವಸ್ತುಗಳ ವಿಷಯದಲ್ಲಿ ಜನರನ್ನು ಎಚ್ಚರಿಸಿತು. ಅವುಗಳಲ್ಲಿ 5ಜಿ ಅಲೆಗಳಿಂದ ಕಾಪಾಡುವುದಾಗಿ ಹೇಳಿಕೊಂಡ ಪದಕಗಳಿದ್ದವು, ಮಕ್ಕಳ ಬಳೆಯೂ ಇದ್ದಿತು. ಪರೀಕ್ಷಿಸಿದಾಗ ಆ ರಕ್ಷಾಪದಕಗಳೇ ಅಯಾನುಕಾರಕ ವಿಕಿರಣವನ್ನು ಸೂಸುತ್ತಿದ್ದವು! ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಸಿಕ್ಕದು.

ಕನ್ನಡದ ಅಧ್ಯಾಪಕನಿಗೆ ಇಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಕೆಲಸವಿದೆ. 'ವಿಕಿರಣ' ಶಬ್ದದ ಧಾತುವಿಗೆ ಚೆಲ್ಲು, ಚದುರಿಸು ಎಂದರ್ಥ. ಒಲೆಯ ಶಾಖ, ದೀಪದ ಬೆಳಕು, ಫೋನಿನ ಅಲೆ, ಯುರೇನಿಯಮಿನ ಕಣ, ಎಲ್ಲವೂ ಆ ಅರ್ಥದಲ್ಲಿ ವಿಕಿರಣವೇ. ಆದರೆ ಹಿರೋಷಿಮಾ, ಚೆರ್ನೋಬಿಲ್‌ಗಳ ತರುವಾಯ ಆ ಶಬ್ದಕ್ಕೆ ಸಾವಿನ ನೆರಳು ಅಂಟಿಕೊಂಡಿದೆ. ವರ್ತಕನು ಮಾರುವುದು ಆ ನೆರಳನ್ನು. ಇಂಗ್ಲಿಷಿನಲ್ಲಿಯೂ ಇದೇ ತೊಡಕು ಇದೆಯೆಂಬುದು ನಮಗೆ ಸಮಾಧಾನವಾಗಬಾರದು. ಪತ್ರಿಕೆಯವರೂ ಪಠ್ಯಕಾರರೂ ಅಪಾಯದ ಬಗೆಯನ್ನು 'ಅಯಾನುಕಾರಕ ವಿಕಿರಣ'ವೆಂದೂ ಉಳಿದುದನ್ನು 'ರೇಡಿಯೋ ಅಲೆ', 'ಶಾಖಕಿರಣ' ಎಂದೂ ಬಿಡಿಸಿ ಬರೆದರೆ ಅರ್ಧ ಭಯ ಅಲ್ಲಿಯೇ ಕರಗುತ್ತದೆ.

ಗಾಜಿನ ತೊಟ್ಟಿಯ ಆಟದಿಂದ ಏನು ಸಾಧ್ಯವೆನ್ನುವವರು ಕಾಡುಗೋಡಿಯ ವೈಟ್‌ಫೀಲ್ಡ್ ರೈಲು ನಿಲ್ದಾಣದಲ್ಲಿ ನಿಂತು ಪೂರ್ವಕ್ಕೆ ನೋಡಲಿ. ಆ ಹಳಿ ಬಂಗಾರಪೇಟೆಗೆ ಹೋಗಿ, ಅಲ್ಲಿಂದ ಕವಲೊಡೆದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟುತ್ತದೆ. ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯಲ್ಲಿ 1939ರಿಂದ 1945ರವರೆಗೆ ವಿಶ್ವಕಿರಣಗಳ ಅಧ್ಯಯನದಲ್ಲಿದ್ದ ಹೋಮಿ ಭಾಭಾ ಅವರ ಪ್ರೇರಣೆಯಿಂದ, ನಂಜನಗೂಡಿನವರಾದ ಬಿ.ವಿ. ಶ್ರೀಕಂಠನ್ 1950ರ ದಶಕದ ಮೊದಲಲ್ಲಿ ಆ ಗಣಿಗಳ ಬೇರೆ ಬೇರೆ ಆಳಗಳಲ್ಲಿ ಮ್ಯುಆನುಗಳನ್ನು ಎಣಿಸಿದರು. ಅವರ ಕವಚ ಸೀಸವಲ್ಲ, ಕನ್ನಡ ನೆಲದ ಬಂಡೆ. ಆಳಕ್ಕೆ ಇಳಿದಷ್ಟೂ ಎಣಿಕೆ ಕುಗ್ಗುತ್ತ ಹೋಯಿತು. ಮ್ಯುಆನುಗಳ ಗದ್ದಲ ಹಾಗೆ ಅಡಗಿದುದರಿಂದಲೇ 1965ರಲ್ಲಿ ಸುಮಾರು 2.3 ಕಿಲೋಮೀಟರು ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವು ದೊರೆಯಿತು. ಲೋಕದಲ್ಲಿ ಅಂತಹ ಮೊದಲ ವರದಿಗಳಲ್ಲಿ ಅದೊಂದು. ಗಣಿಗಳು 2001ರಲ್ಲಿ ಮುಚ್ಚಿದವು. ಅದೇ ಹಳಿಯ ಮೇಲೆ ಈಗ ಸಾವಿರಾರು ಮಂದಿ ತಂತ್ರಜ್ಞರ ಕಚೇರಿಗಳಿಗೆ ಬಂದಿಳಿಯುತ್ತಾರೆ. ಅವರಲ್ಲಿ ಎಷ್ಟು ಜನ ಈ ಕಥೆಯನ್ನು ಕೇಳಿದ್ದಾರು?

ಅಪಾಯವಿಲ್ಲವೇ ಎಂಬ ತಾಯ್ತಂದೆಯರ ಆತಂಕ ನ್ಯಾಯವಾದುದೇ. ಅದಕ್ಕೆ ಉತ್ತರವೂ ಸರಳ: ಕಿಟಕಿ ತೆರೆದಿರಲಿ, ಡ್ರೈ ಐಸನ್ನು ಬರಿಗೈಯಿಂದ ಮುಟ್ಟಬಾರದು, ಆಲ್ಕೊಹಾಲಿನ ಬಳಿ ಬೆಂಕಿ ಸುಳಿಯಬಾರದು, ಥೋರಿಯಂ ಕಡ್ಡಿಯನ್ನು ಉಜ್ಜಿ ಪುಡಿ ಮಾಡಬಾರದು, ಉಪಾಧ್ಯಾಯರು ಜೊತೆಗಿರಬೇಕು. ಕಡ್ಡಿಯೇ ಬೇಡವೆಂದರೂ ಚಿಂತೆಯಿಲ್ಲ, ಆಕಾಶವೇ ಬಿಟ್ಟಿಯಾಗಿ ಕಣಗಳನ್ನು ಕಳುಹಿಸುತ್ತದೆ. ಶಾಲೆಗಳಿಗೆ ಕಂಪ್ಯೂಟರುಗಳನ್ನು ದಾನ ಮಾಡುವ ಸುತ್ತಣ ಕಂಪನಿಗಳು ಒಂದೊಂದು ಗಾಜಿನ ತೊಟ್ಟಿಯ ವೆಚ್ಚವನ್ನೂ ವಹಿಸಲಿ. ಪರದೆಯ ಮೇಲೆ ಇನ್ನೊಬ್ಬರು ಕಂಡುದನ್ನು ನೋಡುವ ಹುಡುಗಿ ಬೇರೆ, ತನ್ನ ಕೈಯಾರೆ ಕಟ್ಟಿದ ಪೆಟ್ಟಿಗೆಯಲ್ಲಿ ಗೆರೆಗಳನ್ನು ಎಣಿಸಿ ಬರೆದಿಟ್ಟ ಹುಡುಗಿ ಬೇರೆ. ಎರಡನೆಯವಳಿಗೆ ಭಯವನ್ನು ಮಾರುವುದು ಸುಲಭವಲ್ಲ.