ಕತ್ತೆಕಿರುಬ ಮತ್ತು ನಮ್ಮ ‘ಮೃಗೀಯ’ ಪದ

ಕೊಲೆ, ಅತ್ಯಾಚಾರ, ದಂಗೆ ನಡೆದ ಮರುದಿನ ನಮ್ಮ ಪತ್ರಿಕೆಗಳಲ್ಲಿ ಒಂದು ಪದ ತಪ್ಪದೆ ಕಾಣಿಸಿಕೊಳ್ಳುತ್ತದೆ: ‘ಮೃಗೀಯ’. ಕತೆ ಬರೆಯುವ ನಾವೂ ಈ ಪದವನ್ನು ಹಿಂದೆಮುಂದೆ ಯೋಚಿಸದೆ ಬಳಸಿದ್ದೇವೆ. ಯಾವ ಮೃಗ ಊರಿಗೆ ಬೆಂಕಿಯಿಟ್ಟಿದೆ? ಯಾವ ಪ್ರಾಣಿ ಹೆಸರು ಕೇಳಿ ಕೊಂದಿದೆ? ಮನುಷ್ಯ ಮಾತ್ರ ಮಾಡಬಲ್ಲ ಕೃತ್ಯವನ್ನು ಮೃಗದ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಳ್ಳುತ್ತೇವೆ.

ಲಿಯೊನೊರಾ ಕ್ಯಾರಿಂಗ್ಟನ್ ಬರೆದ ಚಿತ್ರವೊಂದರ ಮುಂದೆ ಈ ಅಭ್ಯಾಸ ನಮಗೆ ನಾಚಿಕೆ ತರಿಸುತ್ತದೆ. 1917ರಲ್ಲಿ ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ ಶ್ರೀಮಂತ ಜವಳಿ ಉದ್ಯಮಿಯ ಮಗಳಾಗಿ ಹುಟ್ಟಿದ ಈಕೆ 2011ರಲ್ಲಿ ಮೆಕ್ಸಿಕೊ ನಗರದಲ್ಲಿ ತೀರಿಕೊಂಡಳು. ಸರ್ರಿಯಲಿಸ್ಟರ ಒಡನಾಟ ಬೆಳೆದ ಹೊಸತರಲ್ಲಿ, 1937-38ರ ಸುಮಾರಿಗೆ, ಈ ಸ್ವಚಿತ್ರ ಬರೆದಳು. ಅದೀಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ.

ಸವಾರಿಯ ಬಿಳಿ ಷರಾಯಿ ತೊಟ್ಟ, ಕೂದಲು ಕೆದರಿದ ಹೆಣ್ಣು ನೀಲಿ ಕುರ್ಚಿಯಲ್ಲಿ ಕೂತಿದ್ದಾಳೆ. ಎದುರಿಗೆ ಮೊಲೆ ತುಂಬಿ ನಿಂತ ಹೆಣ್ಣು ಕತ್ತೆಕಿರುಬ. ಆಕೆಯ ಕೈ ಅದರತ್ತ ಚಾಚಿದೆ. ಹಿಂದಿನ ಗೋಡೆಯ ಮೇಲೆ ಮಕ್ಕಳಾಡುವ ಬಿಳಿ ಮರಗುದುರೆ; ಕಿಟಕಿಯಾಚೆ ನಿಜವಾದ ಬಿಳಿ ಕುದುರೆಯೊಂದು ಓಡುತ್ತಿದೆ. ಹೆಣ್ಣಿನ ಕಣ್ಣೂ ಕತ್ತೆಕಿರುಬದ ಕಣ್ಣೂ ನಮ್ಮನ್ನೇ ದಿಟ್ಟಿಸುತ್ತವೆ.

ಇದಕ್ಕೆ ಸಿದ್ಧ ವ್ಯಾಖ್ಯಾನವೊಂದಿದೆ: ಕುದುರೆಯೆಂದರೆ ಬಿಡುಗಡೆ, ಕತ್ತೆಕಿರುಬವೆಂದರೆ ಅದುಮಿಟ್ಟ ಕಾಮ. ಒಗಟು ಬಿಡಿಸಿದ್ದಾಯಿತು, ಪ್ರಾಣಿ ಮಾಯವಾಯಿತು! ಸುಂದರ ಪ್ರಾಣಿಗೆ ಸದ್ಗುಣ, ಕುರೂಪಿಗೆ ಕೊಳಕು ಎಂದು ಹಂಚಿದವರು ಯಾರು? ತಾನು ಕತ್ತೆಕಿರುಬದಂಥವಳು, ತನ್ನ ಕುತೂಹಲಕ್ಕೆ ತೃಪ್ತಿಯೇ ಇಲ್ಲ ಎಂದು ಕ್ಯಾರಿಂಗ್ಟನ್ ಮುಂದೆ ಹೇಳಿಕೊಂಡಳು. ಅದು ನಂಟು ಹೇಳಿಕೊಳ್ಳುವ ಮಾತು.

ಹಾಗೆಂದು ಆಕೆ ಅದನ್ನು ಸಾಕುನಾಯಿ ಮಾಡಲಿಲ್ಲ. ಅದೇ ಕಾಲದ ಆಕೆಯ ಕತೆಯೊಂದರಲ್ಲಿ, ಹುಡುಗಿ ತನ್ನ ಬದಲು ಔತಣಕೂಟಕ್ಕೆ ಮೃಗಾಲಯದ ಕತ್ತೆಕಿರುಬವನ್ನು ಕಳಿಸುತ್ತಾಳೆ. ಅದು ಕೆಲಸದಾಕೆಯನ್ನು ಕೊಂದು ಅವಳ ಮುಖ ಧರಿಸುತ್ತದೆ. ಸಾಧುವಾದರೆ ಮಾತ್ರ ಪ್ರೀತಿಸುತ್ತೇವೆ ಎಂಬ ಷರತ್ತಿನ ಮೇಲೆ ಯಾವ ಸಂಬಂಧ ನಿಂತೀತು?

ಉರ್ದುವಿನಲ್ಲಿ ಅಕ್ಷರ ಕಲಿತ ನಮಗೆ ಈ ಮಾತು ಹೊಸದಲ್ಲ. ಹತ್ತನೇ ಶತಮಾನದ ಬಸ್ರಾದ ಇಖ್ವಾನುಸ್ಸಫಾ ಬಳಗ ಬರೆದ ಕತೆಯಲ್ಲಿ ಪ್ರಾಣಿಗಳು ಜಿನ್ನ್‌ಗಳ ದೊರೆಯ ಮುಂದೆ ಮನುಷ್ಯನ ವಿರುದ್ಧ ದಾವೆ ಹೂಡುತ್ತವೆ. ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗಾಗಿ ಮೌಲವಿ ಇಕ್ರಾಮ್ ಅಲಿ ಅದನ್ನು 1810ರಲ್ಲಿ ಉರ್ದುವಿಗೆ ತಂದರು. ತೀರ್ಪೇನೋ ಕೊನೆಗೆ ಮನುಷ್ಯನ ಪರವೇ. ಆದರೆ ಓದಿದವರ ಮನಸ್ಸಿನಲ್ಲಿ ಉಳಿಯುವುದು ಪ್ರಾಣಿಗಳ ವಾದ.

ಪ್ರಾಣಿಯ ಮಾನ ಉಳಿಸಿದರೆ ಮನುಷ್ಯರಿಗೇನು ಲಾಭ ಎನ್ನುವವರಿಗೆ ಒಂದು ಮಾತು. ಮೊದಲು ನಾವು ಪ್ರಾಣಿಯನ್ನು ಹೀನ ಮಾಡುತ್ತೇವೆ. ಬಳಿಕ ನಮಗಾಗದ ಜನರಿಗೆ ಅದರ ಹೆಸರಿಡುತ್ತೇವೆ. ಆಮೇಲೆ ಅವರಿಗೆ ಏನು ಮಾಡಿದರೂ ನಡೆಯುತ್ತದೆ. 1994ರಲ್ಲಿ ರುವಾಂಡದ ರೇಡಿಯೊವೊಂದು ಟುಟ್ಸಿ ಜನರನ್ನು ಜಿರಲೆಗಳೆಂದು ಕರೆಯುತ್ತಿತ್ತು. ಆ ವರ್ಷ ಅಲ್ಲಿ ಹರಿದ ನೆತ್ತರನ್ನು ಲೋಕ ಮರೆತಿಲ್ಲ. ನಮ್ಮ ಸಭೆಗಳಲ್ಲೂ ಇಂಥ ಬೈಗುಳಕ್ಕೆ ಚಪ್ಪಾಳೆ ಬೀಳುವುದನ್ನು ನಾವು ಕೇಳಿದ್ದೇವೆ.

ಆದ್ದರಿಂದ ಬರೆಯುವವರಲ್ಲಿ ನಮ್ಮ ಕೋರಿಕೆ ಚಿಕ್ಕದು. ಮುಂದಿನ ಸಲ ‘ಮೃಗೀಯ ಕೃತ್ಯ’ ಎಂದು ಬರೆಯಹೊರಟಾಗ ಲೇಖನಿ ತಡೆಯಿರಿ. ಮಾಡಿದವನು ಮನುಷ್ಯ, ಹಾಗೆಂದೇ ಬರೆಯಿರಿ.